ಡ್ರೋನ್ ಬ್ಯಾಟರಿಗಳ ಪಾಲನೆ: ಉಬ್ಬಿದ ಬ್ಯಾಟರಿಯ ವಿಲೇವಾರಿ ಮತ್ತು ಲೆಕ್ಕಪತ್ರ

ಯಲಹಂಕದ ವಾಯುಪಡೆ ನೆಲೆಯಲ್ಲಿ 1996ರಿಂದ ನಡೆದುಬಂದಿರುವ ಏರೋ ಇಂಡಿಯಾ ಪ್ರದರ್ಶನದಲ್ಲಿ ಇತ್ತೀಚಿನ ವರ್ಷಗಳಲ್ಲಿ ಡ್ರೋನ್‌ಗಳಿಗೂ ಗಣನೀಯ ಸ್ಥಾನ ದೊರೆತಿದೆ. ಇವುಗಳನ್ನು ಜೋಡಿಸುವ, ಮಾರುವ ಅಥವಾ ಬಾಡಿಗೆಗೆ ನೀಡುವ ಉದ್ದಿಮೆದಾರರಿಗೆ ಬ್ಯಾಟರಿಯು ಬೆಲೆಬಾಳುವ ದಾಸ್ತಾನೂ ಹೌದು, ಬೆಂಕಿಯ ಅಪಾಯವೂ ಹೌದು.

ಉಬ್ಬಲು ಕಾರಣ

ಡ್ರೋನ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಲಿಥಿಯಂ ಪಾಲಿಮರ್ ಸೆಲ್‌ಗಳಿಗೆ ಗಟ್ಟಿಯಾದ ಲೋಹದ ಕವಚವಿಲ್ಲ. ತೆಳುವಾದ ಚೀಲದ ಹೊದಿಕೆ ಮಾತ್ರವಿರುತ್ತದೆ. ಮಿತಿಮೀರಿದ ಚಾರ್ಜ್, ಪೂರ್ಣ ಬರಿದಾಗುವಿಕೆ, ಅಧಿಕ ಶಾಖ, ಪೆಟ್ಟು ಅಥವಾ ವಯಸ್ಸಿನಿಂದ ಒಳಗಿನ ರಾಸಾಯನಿಕಗಳು ವಿಭಜನೆಗೊಂಡು ಅನಿಲ ಉತ್ಪತ್ತಿಯಾಗುತ್ತದೆ. ಚೀಲ ಉಬ್ಬುವುದು ಇದರಿಂದಲೇ.

ಪಾಲನೆಯ ಕ್ರಮ

1. ಪ್ರತಿ ಸೆಲ್‌ನ ಪೂರ್ಣ ಚಾರ್ಜ್ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿಯಲು ಎಂದೂ ಬಿಡಬಾರದು.
2. ಕೆಲವು ದಿನ ಬಳಸದಿದ್ದಲ್ಲಿ ಪ್ರತಿ ಸೆಲ್ ಸುಮಾರು 3.8 ವೋಲ್ಟ್‌ನಲ್ಲಿರಬೇಕು. ಆರು ಸೆಲ್‌ಗಳ ಬ್ಯಾಟರಿಗೆ ಇದು 22.8 ವೋಲ್ಟ್.
3. ಹಾರಾಟದ ನಂತರ ತಣ್ಣಗಾದ ಮೇಲೆಯೇ, ಸಮತೋಲನ ಚಾರ್ಜರ್‌ನಿಂದ, ಯಾರಾದರೂ ಹತ್ತಿರವಿರುವಾಗಲೇ ಚಾರ್ಜ್ ಮಾಡಬೇಕು.
4. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇರಿಸಬಾರದು.

ಉಬ್ಬಿದಾಗ

ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಅನಿಲ ಹೊರಬಿಡುವುದು, ಒತ್ತಿ ಸರಿಪಡಿಸುವುದು, 'ಇನ್ನೊಂದು ಬಾರಿ' ಹಾರಿಸುವುದು ಮೂರೂ ಅಪಾಯಕರ. ಕೂಡಲೇ ಬಳಕೆಯಿಂದ ಹಿಂತೆಗೆದು, ತುದಿಗಳಿಗೆ ಟೇಪ್ ಸುತ್ತಿ, ಉರಿಯುವ ವಸ್ತುಗಳಿಂದ ದೂರದಲ್ಲಿ, ಮರಳು ತುಂಬಿದ ಪಾತ್ರೆಯಲ್ಲಿ ಇರಿಸಬೇಕು. ಇದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದನ್ನು ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆ ಮಾಡುವ ಸಂಸ್ಥೆಗೆ ಒಪ್ಪಿಸಬೇಕು. ತಮ್ಮದೇ ಬ್ರಾಂಡ್‌ನಲ್ಲಿ ಬ್ಯಾಟರಿ ಸಹಿತ ಡ್ರೋನ್ ಮಾರುವವರು ಈ ನಿಯಮಗಳಡಿ 'ಉತ್ಪಾದಕ'ರೆನಿಸುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಅವರ ಹೊಣೆ.

ಲೆಕ್ಕಪತ್ರದಲ್ಲಿ

ಮಾರಾಟದ ದಾಸ್ತಾನಿನಲ್ಲಿರುವ ಬ್ಯಾಟರಿ ಉಬ್ಬಿದರೆ ಅದನ್ನು ಕೊಂಡ ಬೆಲೆಯಲ್ಲಿಯೇ ಮುಂದುವರಿಸುವುದು ಸರಿಯಲ್ಲ. ಕೊಂಡ ಬೆಲೆ ಹಾಗೂ ಮಾರಿದರೆ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನೇ ತೋರಿಸಬೇಕು. ದಾಸ್ತಾನಿನಿಂದ ಪೂರ್ಣವಾಗಿ ತೆಗೆದುಹಾಕಿದಲ್ಲಿ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಪ್ರಕರಣದ ಅನ್ವಯ ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಹಿಂತಿರುಗಿಸಬೇಕಾಗುತ್ತದೆ. ಉದಾಹರಣೆಗೆ, ರೂ. 20,000ದ ಬ್ಯಾಟರಿಗೆ ಶೇ. 18ರಂತೆ ರೂ. 3,600 ಕ್ರೆಡಿಟ್ ಪಡೆದಿದ್ದರೆ, ನಷ್ಟ ರೂ. 23,600.

ಆದ್ದರಿಂದ ಪ್ರತಿ ಬ್ಯಾಟರಿಗೂ ಕ್ರಮಸಂಖ್ಯೆ ನೀಡಿ, ಖರೀದಿಯ ದಿನಾಂಕ, ಚಾರ್ಜ್ ಆದ ಬಾರಿಗಳು ಹಾಗೂ ಹಿಂತೆಗೆದ ದಿನಾಂಕವನ್ನು ಒಂದು ವಹಿಯಲ್ಲಿ ಬರೆದಿಡುವುದು ಒಳಿತು. ಬೆಂಕಿ ವಿಮೆಯ ಪ್ರಸ್ತಾವನೆಯಲ್ಲಿಯೂ ಈ ದಾಸ್ತಾನನ್ನು ಮುಚ್ಚಿಡದೆ ತಿಳಿಸಬೇಕು. ಉಬ್ಬಿದ ಒಂದು ಬ್ಯಾಟರಿಯನ್ನು ಉಳಿಸಿಕೊಳ್ಳಲು ಹೋಗಿ ಇಡೀ ಮಳಿಗೆಯನ್ನು ಪಣಕ್ಕಿಡುವುದು ಯಾವ ವರ್ತಕನಿಗೂ ಲಾಭದ ಬಾಬ್ತಲ್ಲ.