ಸಂಘದ ಮಾತು ಪ್ರತಿಯೊಬ್ಬ ಕೆಲಸಗಾರನಿಗೂ ಮುಟ್ಟಲಿ
(ತೋಟದ ಕೆಲಸಗಾರರಿಗೂ ಸಣ್ಣ ಬೆಳೆಗಾರರಿಗೂ ಒಂದು ಪಾಠ)



ನಮ್ಮ ಕೊಡ್ಲಿಪೇಟೆ ಹೋಬಳಿಯಲ್ಲಿ ಗದ್ದೆಯೂ ಉಂಟು, ಕಾಫಿ ತೋಟವೂ ಉಂಟು. ಮಳೆಗಾಲದಲ್ಲಿ ತನ್ನ ಗದ್ದೆ ನಾಟಿ ಮಾಡಿದ ಸಣ್ಣ ಹಿಡುವಳಿದಾರನೇ ಕಾಫಿ ಕುಯ್ಲಿನ ಕಾಲಕ್ಕೆ ಎಸ್ಟೇಟಿಗೆ ಕೂಲಿಗೆ ಹೋಗುತ್ತಾನೆ. ಇನ್ನು ಕೆಲವರು ಎರಡು ಮೂರು ಎಕರೆ ಕಾಫಿ ಇಟ್ಟುಕೊಂಡು ತಾವೇ ಆಳುಗಳನ್ನು ಕರೆಯುತ್ತಾರೆ. ಆದ್ದರಿಂದ ಕಾರ್ಮಿಕ ಸಂಘದ ವಿಚಾರ ನಮಗೆ ಸಂಬಂಧಪಟ್ಟದ್ದಲ್ಲವೆಂದು ಯಾರೂ ಪುಟ ಮಗುಚಬಾರದು.

ಕಳೆದ ಮಳೆಗಾಲಕ್ಕೆ ಮುಂಚೆ ಒಂದು ಲೈನ್‌ಮನೆಗೆ ಹೋಗಿದ್ದೆ. ಆ ಮನೆಯ ತಾಯಿ ಕುಡಿಯಲು ನೀರು ಕೊಟ್ಟರು. ನೀರು ತುಂಬಿಟ್ಟಿದ್ದ ಕ್ಯಾನಿನ ಮೇಲೆ ಅರ್ಧ ಹರಿದ ಚೀಟಿ. ಅದರಲ್ಲಿ ಹಳದಿ ತ್ರಿಕೋನ. ಅದು ಕಳೆನಾಶಕದ ಕ್ಯಾನು. "ಅಮ್ಮಾ, ಇದರಲ್ಲಿ ನೀರು ಇಡಬಾರದು" ಎಂದೆ. ಆಕೆಯ ಯಜಮಾನರು ಗಾಬರಿಯಾದರು. "ಮೂರು ಸಲ ಸೋಪು ಹಾಕಿ ತೊಳೆದಿದ್ದೇವೆ ಸಾರ್. ಎರಡು ವರ್ಷದಿಂದ ಔಷಧಿ ಹೊಡೀತಾ ಇದ್ದೀನಿ. ಈ ಬಣ್ಣದ ಅರ್ಥ ಏನು ಅಂತ ಯಾರೂ ಹೇಳಲಿಲ್ಲ" ಎಂದರು. ಅವರು ಸಂಘದ ಸದಸ್ಯರು. ಚಂದಾ ಕೊಟ್ಟ ರಶೀದಿ ಗೋಡೆಯ ಮೊಳೆಗೆ ಚುಚ್ಚಿತ್ತು. ಮೇಸ್ತ್ರಿ ಹೇಳಲಿಲ್ಲ, ಸಂಘ ಹೇಳಲಿಲ್ಲ. ಇದೇ ದಾರಿಯಲ್ಲಿ ಓಡಾಡುವ ನಾನೂ ಅದುವರೆಗೆ ಹೇಳಿರಲಿಲ್ಲ. ಆ ದಿನವೇ ಈ ಪಾಠ ಬರೆಯಬೇಕೆಂದುಕೊಂಡೆ.

ಸಂಘದ ಕೆಲಸ ಯಾವುದು?

ಸಂಘವೆಂದರೆ ಮುಷ್ಕರವೆಂದು ಬಹಳ ಜನ ತಿಳಿದಿದ್ದಾರೆ. ಮುಷ್ಕರ ಕೊನೆಯ ಉಪಾಯ. ದಿನದಿನದ ಕೆಲಸವೆಂದರೆ, ಸದಸ್ಯನಿಗೆ ಅವನ ಕೆಲಸದ ವಿಷಯ ತಿಳಿಸುವುದು, ಅವನ ಕಷ್ಟವನ್ನು ಮಾಲೀಕರಿಗೆ ತಿಳಿಸುವುದು. ನಾರಾಯಣ ಮೇಘಾಜಿ ಲೋಖಂಡೆಯವರು 1880ರಿಂದ 'ದೀನಬಂಧು' ಪತ್ರಿಕೆಯನ್ನು ನಡೆಸಿ ಬೊಂಬಾಯಿಯ ಗಿರಣಿ ಕೆಲಸಗಾರರ ಸ್ಥಿತಿಯನ್ನು ಬರೆದರು. 1890ರಲ್ಲಿ ಆ ಕೆಲಸಗಾರರಿಗೆ ಭಾನುವಾರದ ರಜೆ ದೊರೆಯಿತು. 1918ರಲ್ಲಿ ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದರಾಸಿನಲ್ಲಿ ಕಾರ್ಮಿಕ ಸಂಘ ಹುಟ್ಟಿತು. 1926ರ ಕಾಯಿದೆಯಿಂದ ಸಂಘಗಳಿಗೆ ಕಾನೂನಿನ ಆಸರೆ ಬಂದಿತು. ಇಂದಿಗೂ ಏಳು ಮಂದಿ ಸೇರಿ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಆ ಕೆಲಸದ ಜಾಗದ ನೂರಕ್ಕೆ ಹತ್ತು ಮಂದಿ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು.

ಬೀಡಿ ಕಟ್ಟುವವರು ಕಲಿಸಿದ ಪಾಠ

ಓದು ಬಾರದವರಿಗೆ ತಿಳಿಸುವುದು ಹೇಗೆಂದು ಕೇಳುವವರಿಗೆ ನಮ್ಮ ಪಕ್ಕದ ಕಣ್ಣೂರು, ಕಾಸರಗೋಡಿನ ಸೀಮೆಯ ಬೀಡಿ ಕೆಲಸಗಾರರು ಉತ್ತರ ಕೊಟ್ಟಿದ್ದಾರೆ. ಬೀಡಿ ಕಟ್ಟುವಾಗ ಕೈಗೆ ಕೆಲಸ, ಕಿವಿಗೆ ಬಿಡುವು. ಅವರು ತಮ್ಮಲ್ಲೇ ಒಬ್ಬನನ್ನು ಓದುಗನನ್ನಾಗಿ ಆರಿಸಿ ಕೂರಿಸುತ್ತಿದ್ದರು. ಅವನು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಉಳಿದವರು ಕೇಳುತ್ತ ಕೆಲಸ ಮಾಡುತ್ತಿದ್ದರು. ಓದಿದವನಿಗೆ ಆ ಹೊತ್ತಿನ ಕೂಲಿ ತಪ್ಪಬಾರದಲ್ಲ? ಅದಕ್ಕಾಗಿ ಪ್ರತಿಯೊಬ್ಬರೂ ತಾವು ಕಟ್ಟಿದ್ದರಲ್ಲಿ ಕೆಲವು ಬೀಡಿಗಳನ್ನು ಅವನ ಪಾಲಿಗೆ ಹಾಕುತ್ತಿದ್ದರು. ಓದಾದ ಮೇಲೆ ಚರ್ಚೆ. ಅಕ್ಷರ ಬಾರದವರಿಗೂ ಹೀಗೆ ದೇಶದ ಸುದ್ದಿ ಗೊತ್ತಿತ್ತು, ಕಾಯಿದೆಯ ಮಾತು ಗೊತ್ತಿತ್ತು.

ಇದರ ಫಲ ಕಷ್ಟಕಾಲದಲ್ಲಿ ಕಂಡಿತು. ಬೀಡಿ ಕೆಲಸಗಾರರ ಹಿತಕ್ಕಾಗಿ 1966ರಲ್ಲಿ ಕಾಯಿದೆ ಬಂತು. ಕೇರಳದಲ್ಲಿ ಅದನ್ನು ಜಾರಿಗೆ ತರುವಾಗ ದೊಡ್ಡ ಮಾಲೀಕರು ಅಲ್ಲಿಯ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಸಾವಿರಾರು ಮಂದಿಗೆ ಕೆಲಸ ಹೋಯಿತು. ಅವರು ಚದುರಲಿಲ್ಲ. 1969ರಲ್ಲಿ ಸರ್ಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ಕಟ್ಟಿ ತಾವೇ ಅದರ ಒಡೆಯರಾದರು. ವಿಷಯ ತಿಳಿದವರು ಕೂಡಿ ನಿಲ್ಲುವುದು ಸುಲಭ.

ತೋಟದಲ್ಲಿ ಏನೇನು ತಿಳಿಸಬೇಕು?

1. ಕಾಯಿದೆ. 1951ರ ತೋಟ ಕಾರ್ಮಿಕರ ಕಾಯಿದೆಯು 1954ರಲ್ಲಿ ಜಾರಿಗೆ ಬಂದು ಮನೆ, ಕುಡಿಯುವ ನೀರು, ವೈದ್ಯ ಸಹಾಯ, ಮಕ್ಕಳ ಶಿಶುವಿಹಾರ ಮೊದಲಾದವನ್ನು ಮಾಲೀಕರ ಹೊಣೆಯಾಗಿ ಮಾಡಿತ್ತು. 2025ನೇ ನವೆಂಬರ್ 21ರಿಂದ ಆ ಕಾಯಿದೆಯ ಬದಲು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಇವುಗಳಲ್ಲಿ 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ ಮತ್ತು ಅದಕ್ಕೆ ಮೇಲ್ಪಟ್ಟ ಕಾಫಿ, ಏಲಕ್ಕಿ ಮುಂತಾದ ಭೂಮಿಗೆ ತೋಟವೆಂಬ ಹೆಸರು. ಹಳೆಯ ಕಾಯಿದೆಯ ಮಾತನ್ನೇ ಹೇಳುತ್ತ ಕುಳಿತರೆ ಸದಸ್ಯರು ದಾರಿ ತಪ್ಪುತ್ತಾರೆ.

2. ಕೂಲಿ. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಎಷ್ಟು, ತುಟ್ಟಿಭತ್ಯೆ ಎಷ್ಟು ಏರಿತು ಎಂಬುದನ್ನು ಬದಲಾದಾಗಲೆಲ್ಲ ತಿಳಿಸಬೇಕು. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರತಕ್ಕದ್ದು. ಎಸ್ಟೇಟಿನವರು ಲೆಕ್ಕದ ಚೀಟಿ ಕೊಡತಕ್ಕದ್ದು. ಹಾಜರಿಯನ್ನು ಕೆಲಸಗಾರನೂ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ.

3. ರಜೆ. ವರ್ಷದಲ್ಲಿ 180 ದಿನ ಅಥವಾ ಹೆಚ್ಚು ಕೆಲಸ ಮಾಡಿದವರಿಗೆ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆ. 240 ದಿನ ದುಡಿದವರಿಗೆ 12 ದಿನ. ಈ ಸುಲಭದ ಲೆಕ್ಕ ಗೊತ್ತಿಲ್ಲದೆ ರಜೆ ಕಳೆದುಕೊಂಡವರು ಎಷ್ಟೋ ಮಂದಿ.

4. ವಿಷ. ಔಷಧಿಯ ಡಬ್ಬಿಯ ಮೇಲಿನ ತ್ರಿಕೋನಕ್ಕೆ ನಾಲ್ಕು ಬಣ್ಣ. ಕೆಂಪು ಎಲ್ಲಕ್ಕಿಂತ ಘೋರ ವಿಷ. ಹಳದಿ ಅದಕ್ಕೆ ಎರಡನೆಯದು. ನೀಲಿ ಮಧ್ಯಮ. ಹಸಿರು ಕಡಿಮೆ, ಆದರೆ ಹಸಿರೂ ಅಮೃತವಲ್ಲ. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಹೊಡೆಯಬೇಕು. ಕೈಚೀಲ, ಮುಖಕ್ಕೆ ಮುಸುಕು ಇರಬೇಕು. ನಡುವೆ ಬೀಡಿ, ಎಲೆಅಡಿಕೆ ಕೂಡದು. ಖಾಲಿ ಡಬ್ಬಿಗೆ ತೂತು ಮಾಡಿಬಿಡಬೇಕು, ಮನೆಗೆ ಒಯ್ಯಕೂಡದು. ಯಾರಿಗಾದರೂ ತಲೆ ತಿರುಗಿ ವಾಂತಿಯಾದರೆ ಡಬ್ಬಿಯ ಚೀಟಿ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಕೈ ಕೆಸರಾದರೆ ಬಾಯಿ ಮೊಸರೆಂಬುದು ಗಾದೆ. ಕೈಗೆ ಹತ್ತಿದ್ದು ಕೆಸರೋ ವಿಷವೋ ಎಂಬುದು ಮೊದಲು ತಿಳಿದಿರಬೇಕು.

5. ಏಣಿ ಮತ್ತು ಕರೆಂಟು ತಂತಿ. ಕರಿಮೆಣಸು ಕುಯ್ಯುವಾಗ, ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ನಮ್ಮ ಜಿಲ್ಲೆಯಲ್ಲಿ ಜೀವಗಳು ಹೋಗಿವೆ. ತಂತಿಯ ಹತ್ತಿರದ ಮರಕ್ಕೆ ಏಣಿ ಚಾಚುವ ಮೊದಲು ಲೈನು ತೆಗೆಸಬೇಕು. ತೆಗೆಸದಿದ್ದರೆ ಹತ್ತುವುದಿಲ್ಲವೆಂದು ಹೇಳಲು ಒಬ್ಬನಿಗೆ ಧೈರ್ಯ ಸಾಲದು. ಸಂಘ ಹೇಳಿದರೆ ಸಾಲುತ್ತದೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹಕ್ಕು 1923ರ ಕಾಯಿದೆಯಿಂದ ಬಂದದ್ದು. ಈಗ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿದೆ.

ತಿಳಿಸುವ ಬಗೆ

ಲೈನ್‌ಮನೆಯ ಹತ್ತಿರ ಒಂದು ಕರಿಹಲಗೆ ಇರಲಿ. ವಾರಕ್ಕೆ ಒಂದೇ ವಿಷಯ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸಂಬಳದ ದಿನ ಎಲ್ಲರೂ ಸೇರಿದಾಗ ಒಬ್ಬರು ಅದನ್ನು ಗಟ್ಟಿಯಾಗಿ ಓದಲಿ. ಅಸ್ಸಾಂ, ಬಂಗಾಳದಿಂದ ಬಂದ ಕೆಲಸಗಾರರಿಗೆ ಅವರಲ್ಲೇ ಕನ್ನಡ ಬಲ್ಲ ಒಬ್ಬರಿಂದ ಹೇಳಿಸಿರಿ. ಔಷಧಿ ಹೊಡೆಯುವವರಿಗೆ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ತೋರಿಸಬೇಕು. ಹೆಂಗಸರ ಪ್ರಶ್ನೆಗಳನ್ನು ಹೆಂಗಸರೇ ಕೇಳಿ ಬರೆದುಕೊಳ್ಳಲಿ.

ಮುಖ್ಯವಾಗಿ, ಸತ್ಯವನ್ನೇ ಹೇಳಬೇಕು. ಮಾಲೀಕರು ಒಪ್ಪಿದ್ದನ್ನು ಹೇಳಿದಂತೆಯೇ ಒಪ್ಪದಿದ್ದುದನ್ನೂ ಹೇಳಬೇಕು. ಚಂದಾ ಹಣದ ಲೆಕ್ಕವನ್ನು ಅದೇ ಹಲಗೆಯ ಮೇಲೆ ಬರೆಯಬೇಕು. ಒಂದು ಸಲ ಗಾಳಿಮಾತು ಹೇಳಿದ ಸಂಘದ ಮಾತನ್ನು ಮುಂದೆ ಯಾರೂ ಕೇಳರು.

ಸಣ್ಣ ಬೆಳೆಗಾರರಿಗೆ ಒಂದು ಮಾತು

ನಿಮ್ಮದು ಮೂರು ಎಕರೆಯಾದರೂ ಕನಿಷ್ಠ ಕೂಲಿ ನಿಮಗೂ ಅನ್ವಯಿಸುತ್ತದೆ. ವಿಷವೂ ತಂತಿಯೂ ಎಕರೆ ಲೆಕ್ಕ ನೋಡುವುದಿಲ್ಲ. ನಿಮ್ಮಲ್ಲಿ ಸಂಘವಿಲ್ಲದಿದ್ದರೆ ನೀವೇ ತಿಳಿಸಿರಿ. ಡಬ್ಬಿ ಕೈಗೆ ಕೊಡುವ ಮೊದಲು ಬಣ್ಣದ ಅರ್ಥ ಹೇಳಲು ಎರಡು ನಿಮಿಷ ಸಾಕು.

ಆ ಲೈನ್‌ಮನೆಯ ಯಜಮಾನರು ಕ್ಯಾನಿಗೆ ಕತ್ತಿಯಿಂದ ತೂತು ಮಾಡಿದರು. ಮಾರನೆಯ ವಾರ ಅವರೇ ಸಂಘದ ಸಭೆಯಲ್ಲಿ ನಾಲ್ಕು ಬಣ್ಣಗಳನ್ನು ಹೇಳಿಕೊಟ್ಟರು. ನಾನು ಹಿಂದೆ ಕುಳಿತು ಕೇಳಿದೆ.

ಯುವಕ ಮಂಡಳಿ, ಮಹಿಳಾ ಸಮಾಜಗಳಲ್ಲಿ ಚರ್ಚಿಸಲು:

1. ನಿಮ್ಮ ಮನೆಯಲ್ಲಿ ಔಷಧಿಯ ಹಳೆಯ ಡಬ್ಬಿ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ?
2. ಈ ವರ್ಷ ನಿಮಗೆ ಸಲ್ಲಬೇಕಾದ ರಜೆ ಎಷ್ಟು ದಿನ? ಲೆಕ್ಕ ಹಾಕಿರಿ.
3. ನಿಮ್ಮ ಊರಿನಲ್ಲಿ ಗಟ್ಟಿಯಾಗಿ ಓದಿ ಹೇಳಬಲ್ಲವರು ಯಾರು?

— ಗ್ರಾಮಸೇವಕ, ಕೊಡ್ಲಿಪೇಟೆ