ರಕ್ಷಣೆಯ ದಿನಾಂಕ ಹೇಳಲಾಗದಿದ್ದರೆ?

ಈಶ್ವರಮಂಗಲದ ಸಹೋದರಿಗೆ,

ನಸುಕಿನಲ್ಲಿ ರಬ್ಬರ್ ಟ್ಯಾಪಿಂಗ್‌ಗೆ ಹೋಗುವಾಗಲೂ ‘ನನಗೆ ರಕ್ಷಣೆ ಸಿಕ್ಕಿದೆಯಾ?’ ಎಂಬ ಚಿಂತೆ ಕಾಡುತ್ತದೆ ಎಂದಿದ್ದೀರಿ. ಪ್ರಾರ್ಥನಾ ಕೂಟದಲ್ಲಿ ಯಾರೋ ರಕ್ಷಣೆ ಹೊಂದಿದ ದಿನಾಂಕ ಕೇಳಿದರಂತೆ. ಅದನ್ನು ಹೇಳಲೇಬೇಕೆಂದು ಬೈಬಲಿನಲ್ಲೆಲ್ಲೂ ಇಲ್ಲ. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಗೆ ದಿನಾಂಕ ಗೊತ್ತಿತ್ತು: 1738ರ ಮೇ 24. ಆದರೂ ಮರುವರ್ಷದ ಜನವರಿಯಲ್ಲೇ, ತಾನಿನ್ನೂ ಕ್ರೈಸ್ತನಲ್ಲ ಎಂಬ ಮಾತು ಅವರ ದಿನಚರಿಯಲ್ಲಿದೆ!

ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನನೇ ಸೆರೆಮನೆಯಿಂದ, ಬರಬೇಕಾದವನು ನೀನೇನಾ ಎಂದು ಕೇಳಿಸಿದ್ದ. ಯೇಸು ಗದರಲಿಲ್ಲ, ಜನರೆದುರು ಅವನನ್ನು ಹೊಗಳಿದರು. ಮತ್ತಾಯ 11 ಓದಿ. ರಕ್ಷಣೆ ನಿಂತಿರುವುದು ಕ್ರಿಸ್ತನ ಮೇಲೆ, ನಿಮ್ಮ ಆ ದಿನದ ಮನಸ್ಥಿತಿಯ ಮೇಲಲ್ಲ.

ಒಂದೇ ತಪ್ಪಿಗೆ ಮತ್ತೆಮತ್ತೆ ಕ್ಷಮೆ ಬೇಡುತ್ತ ನಿದ್ದೆಗೆಡುತ್ತಿದ್ದರೆ ಅದು ಗೀಳು ಕಾಯಿಲೆಯೂ ಇರಬಹುದು. ಪಾದ್ರಿಯವರ ಜೊತೆ ಮಾತಾಡಿ, ಪುತ್ತೂರಿಗೆ ಹೋದಾಗ ಮನೋವೈದ್ಯರನ್ನೂ ಕಾಣಿ.