ಡಾಟ್ ಕಾಮೋ, ಡಾಟ್ ಟೆಕ್ಕೋ? ಡೊಮೈನ್ ಕೊಳ್ಳೋ ಮುಂಚೆ ಮೂರು ಪ್ರಶ್ನೆ

ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬ ಫಸ್ಟ್ ಇಯರ್ ಹುಡುಗ ನೋಟಿಸ್ ಬೋರ್ಡ್ ಮೇಲಿದ್ದ ನಮ್ಮ ಹಳೇ ಫೆಸ್ಟ್ ಪೋಸ್ಟರ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ. ತೆರೆದುಕೊಂಡಿದ್ದು ಒಂದು ಬೆಟ್ಟಿಂಗ್ ಸೈಟ್! ಪೋಸ್ಟರ್ ಮೇಲೆ ಸಂಘದ ಲೋಗೋ, ಕೆಳಗೆ ಕಾಲೇಜಿನ ಹೆಸರು. ನಮಗೆ ಆದ ಮುಜುಗರ ಅಷ್ಟಿಷ್ಟಲ್ಲ.

ಹುಡುಕಿದಾಗ ಕಥೆ ಗೊತ್ತಾಯ್ತು. ಸೀನಿಯರ್ಸ್ ಹೊಸ ಬಗೆಯ ಎಕ್ಸ್‌ಟೆನ್ಷನ್ ಇರೋ ಹೆಸರನ್ನು ಆಫರ್‌ನಲ್ಲಿ 149 ರೂಪಾಯಿಗೆ ಕೊಂಡಿದ್ದರು. ಎರಡನೇ ವರ್ಷಕ್ಕೆ ಕೇಳಿದ್ದು ಮೂರು ಸಾವಿರಕ್ಕೂ ಹೆಚ್ಚು. ಆ ಮೇಲ್ ಹೋಗಿದ್ದು ಪಾಸ್ ಔಟ್ ಆಗಿ ಕೆಲಸಕ್ಕೆ ಸೇರಿದ್ದ ಒಬ್ಬ ಅಣ್ಣನ ಹಳೇ ಐಡಿಗೆ. ಯಾರೂ ನೋಡಲಿಲ್ಲ, ಹೆಸರು ಕೈತಪ್ಪಿತು, ಬೇರೆ ಯಾರೋ ಕೊಂಡುಕೊಂಡರು. ಈ ವರ್ಷ ವೆಬ್‌ಸೈಟ್ ಜವಾಬ್ದಾರಿ ನಮ್ಮ ಬ್ಯಾಚ್‌ಗೆ ಬಂದಾಗ ಅರ್ಧ ಜನ ಡಾಟ್ ಕಾಮ್ ಅಂದ್ರು, ಇನ್ನರ್ಧ ಡಾಟ್ ಟೆಕ್ ಅಂದ್ರು. ಜಗಳ ಬಿಟ್ಟು ಓದೋಕೆ ಕೂತೆವು. ಓದಿ ತಿಳಿದದ್ದು ಇಲ್ಲಿದೆ.

ಮೊದಲು ಬೇಸಿಕ್ಸ್

ಅಂಚೆ ವಿಳಾಸ ನೆನಪಿಸಿಕೊಳ್ಳಿ. ನಾವು ಬರೆಯೋದು ಮೇಲಿಂದ ಕೆಳಗೆ, ಆದರೆ ಅಂಚೆಯವರು ವಿಂಗಡಿಸೋಕೆ ಮೊದಲು ನೋಡೋದು ಕೊನೆಯ ಸಾಲಿನ ಪಿನ್ ಕೋಡ್. ಡಿಎನ್‌ಎಸ್ ಕೂಡ ಹಾಗೇ, ಹೆಸರನ್ನು ಬಲದಿಂದ ಎಡಕ್ಕೆ ಓದುತ್ತೆ. ಮೊದಲು ರೂಟ್ ಸರ್ವರ್, ಅದು ತೋರಿಸಿದ ಡಾಟ್ ಕಾಮ್ ಅಥವಾ ಡಾಟ್ ಇನ್ ಸರ್ವರ್, ಆಮೇಲೆ ನಮ್ಮ ಹೆಸರಿನ ನೇಮ್ ಸರ್ವರ್.

ಡಾಟ್ ಕಾಮ್, ಆರ್ಗ್, ನೆಟ್, ಎಜು, ಗವ್ ಇವೆಲ್ಲ 1985ರಿಂದ ಇವೆ. 2012ರಲ್ಲಿ ಐಕ್ಯಾನ್ ಸಂಸ್ಥೆ ಹೊಸ ಎಕ್ಸ್‌ಟೆನ್ಷನ್‌ಗಳಿಗೆ ಅರ್ಜಿ ಕರೆಯಿತು. ಒಂದು ಅರ್ಜಿಗೆ 1,85,000 ಡಾಲರ್ ಶುಲ್ಕ ಇದ್ದರೂ 1,930 ಅರ್ಜಿ ಬಂದವು. ಡಾಟ್ ಎಕ್ಸ್‌ವೈಝಡ್, ಟೆಕ್, ಆನ್‌ಲೈನ್, ಆಪ್, ಡೆವ್ ಎಲ್ಲ ಆ ಸುತ್ತಿನಲ್ಲಿ ಬಂದವು.

ಇಂಗ್ಲಿಷ್‌ನ ಎರಡೇ ಅಕ್ಷರದ ಎಕ್ಸ್‌ಟೆನ್ಷನ್ ಕಂಡರೆ ಅದು ಯಾವುದೋ ದೇಶದ್ದೋ ಪ್ರದೇಶದ್ದೋ ಕೋಡ್. ಡಾಟ್ ಎಐ ಅಂದ್ರೆ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅಲ್ಲ, ಕೆರಿಬಿಯನ್ ಸಮುದ್ರದ ಆಂಗ್ವಿಲಾ ದ್ವೀಪ. ಡಾಟ್ ಟಿವಿ ಅಂದ್ರೆ ತುವಾಲು ದೇಶ.

ಟೆಕ್ನಿಕಲ್ ಆಗಿ ವ್ಯತ್ಯಾಸ ಇದೆಯಾ?

ಸೈಟ್‌ನ ವೇಗ ಹೋಸ್ಟಿಂಗ್ ಮತ್ತು ನಾವು ಬರೆದ ಕೋಡ್ ಮೇಲೆ ನಿಂತಿದೆ, ಎಕ್ಸ್‌ಟೆನ್ಷನ್ ಮೇಲಲ್ಲ. ಹುಡುಕಾಟದಲ್ಲೂ ಹೊಸದಕ್ಕೆ ಹೆಚ್ಚು ಅಂಕವೂ ಇಲ್ಲ, ಕಡಿತವೂ ಇಲ್ಲ ಅಂತ ಗೂಗಲ್ ಹೇಳಿದೆ. ಡಾಟ್ ಇನ್ ಮಾತ್ರ ಈ ಸೈಟ್ ಭಾರತದ ಓದುಗರಿಗೆ ಅನ್ನೋ ಸೂಚನೆ ಕೊಡುತ್ತೆ.

ಆದರೆ ಎರಡು ಸಣ್ಣ ವಿಷಯ ಇವೆ. ಡಾಟ್ ಡೆವ್, ಡಾಟ್ ಆಪ್ ಸೈಟ್‌ಗಳನ್ನು ಬ್ರೌಸರ್‌ಗಳು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆಯುತ್ತವೆ, ಹಾಗಾಗಿ ಸರ್ಟಿಫಿಕೇಟ್ ಹಾಕದೆ ಸೈಟ್ ಕಾಣಲ್ಲ. ಇನ್ನೊಂದು, ನಮ್ಮಂಥವರೇ ಮಾಡೋ ತಪ್ಪು. ಇಮೇಲ್ ಚೆಕ್ ಮಾಡೋ ಹಳೇ ರೆಜೆಕ್ಸ್‌ಗಳಲ್ಲಿ ಕೊನೇ ಭಾಗ 2ರಿಂದ 4 ಅಕ್ಷರ ಅಂತ ಬರೆದಿರ್ತಾರೆ. ಅಂಥ ಫಾರ್ಮ್‌ನಲ್ಲಿ ಡಾಟ್ ಆನ್‌ಲೈನ್ ಇಮೇಲ್ ಹಾಕಿದರೆ ‘ತಪ್ಪು ವಿಳಾಸ’ ಅಂತ ಬರುತ್ತೆ. ಸ್ವಂತ ಡೊಮೈನ್‌ನ ಇಮೇಲ್ ಅನ್ನು ರೆಸ್ಯೂಮೆಯಲ್ಲಿ ಹಾಕೋರು ಇದನ್ನ ಯೋಚಿಸಿ. ಕನ್ನಡದಲ್ಲೇ ‘ಡಾಟ್ ಭಾರತ’ ಎಕ್ಸ್‌ಟೆನ್ಷನ್ ಇದೆ. ಒಳಗೊಳಗೆ ಅದು ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ಆಗಿ ಬದಲಾಗಿ ಕೆಲಸ ಮಾಡುತ್ತೆ. ಆದರೆ ಅದನ್ನೂ ಒಪ್ಪದ ಫಾರ್ಮ್‌ಗಳಿವೆ. ನಾಳೆ ನಾವು ಬರೆಯೋ ಫಾರ್ಮ್ ಆದರೂ ಒಪ್ಪಲಿ.

ಪ್ರಶ್ನೆ 1: ಎರಡನೇ ವರ್ಷ ಎಷ್ಟು?

ಡೊಮೈನ್ ನಮ್ಮ ಸ್ವಂತ ಸೈಟು ಅಲ್ಲ, ಬಾಡಿಗೆ ಮನೆ. ಅಡ್ವಾನ್ಸ್ ಕಡಿಮೆ ಅಂತ ಹೋದರೆ ಆಗಲ್ಲ, ಬಾಡಿಗೆ ಕೇಳಬೇಕು. ಡಾಟ್ ಕಾಮ್‌ನ ಸಗಟು ಬೆಲೆ ಎಷ್ಟು ಏರಿಸಬಹುದು ಅನ್ನೋದಕ್ಕೆ ಒಪ್ಪಂದದಲ್ಲೇ ಮಿತಿ ಇದೆ. 2012ರ ಸುತ್ತಿನ ಎಕ್ಸ್‌ಟೆನ್ಷನ್‌ಗಳಿಗೆ ಆ ಮಿತಿ ಇಲ್ಲ. ‘ಪ್ರೀಮಿಯಂ’ ಹೆಸರಾದರೆ ಪ್ರತಿ ವರ್ಷವೂ ದುಬಾರಿ ಆಗಬಹುದು. ಪೇ ಮಾಡೋ ಮುಂಚೆ ನವೀಕರಣದ ದರ ಹುಡುಕಿ. ಒಂದು ಸಲಕ್ಕೆ ಗರಿಷ್ಠ 10 ವರ್ಷದವರೆಗೆ ಕಟ್ಟಿಡಬಹುದು.

ಪ್ರಶ್ನೆ 2: ಎಕ್ಸ್‌ಟೆನ್ಷನ್ ಹಿಂದೆ ಯಾರಿದ್ದಾರೆ?

ಯುಗೊಸ್ಲಾವಿಯಾ ದೇಶ ಒಡೆದುಹೋಯ್ತು, 2010ರಲ್ಲಿ ಡಾಟ್ ವೈಯು ಅನ್ನೂ ತೆಗೆದುಹಾಕಿದರು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ಬಹಳ ಜನ ಡಾಟ್ ಇಯು ಹೆಸರು ಇಟ್ಟುಕೊಳ್ಳೋ ಅರ್ಹತೆ ಕಳೆದುಕೊಂಡರು. ಸ್ಟಾರ್ಟಪ್‌ಗಳು ಇಷ್ಟಪಡೋ ಡಾಟ್ ಐಓ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ ಕೋಡ್. ಆ ದ್ವೀಪಗಳನ್ನು ಮಾರಿಷಸ್‌ಗೆ ಕೊಡುವುದಾಗಿ 2024ರಲ್ಲಿ ಬ್ರಿಟನ್ ಪ್ರಕಟಿಸಿದಾಗ ಡಾಟ್ ಐಓ ಕಥೆ ಏನು ಅನ್ನೋ ಚರ್ಚೆ ಶುರುವಾಯ್ತು. ನಮ್ಮ ಡಾಟ್ ಇನ್ ಅನ್ನು ನಿಕ್ಸಿ ಅನ್ನೋ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತೆ.

ಪ್ರಶ್ನೆ 3: ಯಾರ ಹೆಸರಲ್ಲಿದೆ?

ನಮ್ಮನ್ನು ನಿಜವಾಗಿ ಕೆಡಿಸಿದ್ದು ಇದೇ. ಡಾಟ್ ಕಾಮ್ ಆಗಿದ್ದರೂ ಆ ಅಣ್ಣನ ಮೇಲ್‌ಗೇ ನೋಟಿಸ್ ಹೋಗ್ತಿತ್ತು, ಹೆಸರು ಹಾಗೇ ಹೋಗ್ತಿತ್ತು. ನಾವು ನಾಲ್ಕು ವರ್ಷ ಇರ್ತೀವಿ, ಸಂಘ ಅದಕ್ಕಿಂತ ಹೆಚ್ಚು ಕಾಲ ಇರಬೇಕು. ಡೊಮೈನ್ ಅಕೌಂಟ್ ಸಂಘದ ಇಮೇಲ್‌ನಲ್ಲಿರಲಿ, ಪಾಸ್‌ವರ್ಡ್ ಕೋಆರ್ಡಿನೇಟರ್ ಮೇಡಂ ಹತ್ತಿರವೂ ಇರಲಿ, ಮುಗಿಯೋ ದಿನಾಂಕ ಹ್ಯಾಂಡೋವರ್ ಪಟ್ಟಿಯಲ್ಲಿರಲಿ.

ಹಾಗಾದ್ರೆ ಯಾವುದು?

ಸ್ವಂತ ಪೋರ್ಟ್‌ಫೋಲಿಯೊಗೆ ಡಾಟ್ ಡೆವ್ ಚೆನ್ನಾಗೇ ಇರುತ್ತೆ, ನೋಡೋರು ನಮ್ಮಂಥವರೇ. ಅಜ್ಜಿಗೋ ಅಂಗಡಿ ಮಾವನಿಗೋ ಫೋನ್‌ನಲ್ಲಿ ಹೇಳೋ ವಿಳಾಸ ಆದ್ರೆ ಡಾಟ್ ಕಾಮ್, ಡಾಟ್ ಇನ್ ಸುಲಭ. ಹೊಸ ಎಕ್ಸ್‌ಟೆನ್ಷನ್ ಹೇಳಿದರೆ ಅದರ ಹಿಂದೆ ಇನ್ನೊಂದು ಡಾಟ್ ಕಾಮ್ ಸೇರಿಸಿ ಟೈಪ್ ಮಾಡೋರೂ ಇದ್ದಾರೆ. ಕಾಲೇಜು ಒಪ್ಪಿದರೆ ಅದರದ್ದೇ ವಿಳಾಸದ ಮುಂದೆ ಸಬ್‌ಡೊಮೈನ್ ಕೇಳಬಹುದು, ಬೇರೆ ಹೆಸರು ಕೊಳ್ಳೋದೇ ಬೇಡ.

ನಮ್ಮ ಸಂಘಕ್ಕೆ ನಾವು ಡಾಟ್ ಇನ್ ತಗೊಂಡ್ವಿ, ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿದ್ವಿ, ಸಂಘದ ಮೇಲ್‌ನಲ್ಲಿ. ಆ ಐದು ವರ್ಷ ಮುಗಿಯೋ ಹೊತ್ತಿಗೆ ನಾವ್ಯಾರೂ ಇಲ್ಲಿ ಇರಲ್ಲ. ಆಗ ಇರೋರು ಈ ಲೇಖನ ಓದಲಿ. ಹಾಂ, ಹಳೇ ಪೋಸ್ಟರ್ ಎಲ್ಲಾದ್ರೂ ಕಂಡರೆ ದಯವಿಟ್ಟು ಕಿತ್ತುಹಾಕಿ.